ಲೆಕ್ಕದಲ್ಲಿ ಉಳಿಸಿದ ವರ್ಷಗಳು ಎಲ್ಲಿ ಹೋದವು?

ಏಳು ವರ್ಷದ ಹುಡುಗ, ನಾಲ್ಕನೇ ತರಗತಿಯಲ್ಲಿ ಕೂತಿದ್ದಾನೆ. ಮನೆಯಲ್ಲಿ ಪ್ರಾಣಿ, ಗಿಡಮರಗಳ ಬಗೆಗಿನ ದೊಡ್ಡವರ ಪುಸ್ತಕಗಳನ್ನು ಓದುತ್ತಾನೆ. ಶಾಲೆಯಲ್ಲಿ ಕೂಡುವ ಲೆಕ್ಕ ಕೊಟ್ಟರೆ ಬೆರಳು ಎಣಿಸುತ್ತಾನೆ. ಮಗ್ಗಿ ಬಾಯಿಗೆ ಬರುವುದಿಲ್ಲ. ಇಂಥ ಮಗು ನಮ್ಮ ಮನೆಯಲ್ಲಿದ್ದರೆ ಸಂಜೆ ಟ್ಯೂಷನ್‌ಗೆ ಹಾಕಿ, ದಿನಕ್ಕೆ ಎರಡು ಪುಟ ಮಗ್ಗಿ ಬರೆಸುತ್ತಿದ್ದೆವು. ಅವನ ತಂದೆ ಬೇರೆಯೇ ದಾರಿ ಹಿಡಿದರು. ಮಗನಿಗೆ ಲೆಕ್ಕದ ಹಿಂದಿನ ವಿಚಾರ ಅರ್ಥವಾಗುತ್ತದೆ, ಮತ್ತೆ ಮತ್ತೆ ಅದನ್ನೇ ಮಾಡುವುದು ಮಾತ್ರ ಬೇಸರ ತರಿಸಿದೆ ಎಂದು ಅವರಿಗೆ ಅನಿಸಿತು. ಶಾಲೆ ಬಿಡಿಸಿ, ಅಂಕಗಣಿತವನ್ನು ಪಕ್ಕಕ್ಕಿಟ್ಟು, ನೇರವಾಗಿ ಬೀಜಗಣಿತಕ್ಕೆ ಕೂರಿಸಿದರು.

ಆ ಹುಡುಗ ನಾರ್ಬರ್ಟ್ ವೀನರ್. ಹುಟ್ಟಿದ್ದು 1894ರ ನವೆಂಬರ್ 26ರಂದು, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ. 11ನೇ ವಯಸ್ಸಿಗೆ ಹೈಸ್ಕೂಲು ಮುಗಿಯಿತು, 14ಕ್ಕೆ ಗಣಿತದಲ್ಲಿ ಪದವಿ, 18ಕ್ಕೆ ಹಾರ್ವರ್ಡ್‌ನಿಂದ ಪಿಎಚ್.ಡಿ. ಯಂತ್ರವೂ ಜೀವಿಯೂ ತಮ್ಮನ್ನು ತಾವು ಹತೋಟಿಯಲ್ಲಿ ಇಟ್ಟುಕೊಳ್ಳುವ ಬಗೆಯನ್ನು ಒಟ್ಟಿಗೆ ನೋಡುವ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರಕ್ಕೆ ಮುಂದೆ ಹೆಸರು ಕೊಟ್ಟವರು ಅವರೇ. ಹೈದರಾಬಾದಿನಲ್ಲಿ ನಾನು ಮಾಡುವ ಕೆಲಸ ಸಿಗ್ನಲ್ ಪ್ರೊಸೆಸಿಂಗ್‌ನದು. ಗದ್ದಲದೊಳಗಿಂದ ಮಾತನ್ನು ಬೇರ್ಪಡಿಸುವ ವೀನರ್ ಫಿಲ್ಟರ್ ನಮಗೆ ಅಡುಗೆಮನೆಯ ಜರಡಿ ಇದ್ದ ಹಾಗೆ, ಅದಿಲ್ಲದೆ ದಿನ ಸಾಗುವುದಿಲ್ಲ. ಹಾಗಾಗಿ ಹೆಸರು ಕಾಲೇಜಿನ ದಿನಗಳಿಂದ ಗೊತ್ತಿತ್ತು. ಅವರ ಬಾಲ್ಯವನ್ನು ಕೂತು ಓದಿದ್ದು ಮಾತ್ರ ಈ ವರ್ಷ, ಮಗಳ ಕಾರಣಕ್ಕೆ.

ಅವಳು ಐದನೇ ಕ್ಲಾಸು. ಲೆಕ್ಕ ಎಂದರೆ ಇಷ್ಟ. ಅವಳು ಹೋಗುವ ಕ್ಲಾಸಿನವರು, ಈ ಬೇಸಿಗೆಯಿಂದಲೇ ಎಂಟನೇ ತರಗತಿಯ ಗಣಿತ ಶುರುಮಾಡೋಣ, ಮೂರು ವರ್ಷ ಉಳಿಯುತ್ತದೆ ಎಂದಿದ್ದಾರೆ. ಈ ಊರಲ್ಲಿ ಇದು ಹೊಸದೇನಲ್ಲ. ಆರನೇ ತರಗತಿಯಿಂದಲೇ ಐಐಟಿ ಫೌಂಡೇಶನ್ ಬ್ಯಾಚುಗಳು ನಡೆಯುತ್ತವೆ. ನಮ್ಮಂಥವರಿಗೆ ಇದರ ಸೆಳೆತ ಇನ್ನೂ ಜಾಸ್ತಿ. ಇವತ್ತು ಹೈದರಾಬಾದ್, ನಾಳೆ ಪುಣೆಯೋ ಚೆನ್ನೈಯೋ. ಬೋರ್ಡು ಬದಲಾದರೂ ಮಗು ಹಿಂದೆ ಬೀಳಬಾರದು, ಅದಕ್ಕೆ ಮೊದಲೇ ಮುಂದೆ ಇದ್ದುಬಿಡಲಿ ಎಂಬ ಲೆಕ್ಕ. ಆದರೆ ಉಳಿದ ಮೂರು ವರ್ಷವನ್ನು ಏನು ಮಾಡುವುದು ಎಂದು ಯಾರೂ ಹೇಳುವುದಿಲ್ಲ. ವೀನರ್ ಬದುಕಿನಲ್ಲಿ ಅದಕ್ಕೆ ಉತ್ತರ ಸಿಗುತ್ತದೇನೋ ಎಂದು ಹುಡುಕಿದೆ.

ತಂದೆ ಲಿಯೋ ವೀನರ್ ಕೂಡ ವಲಸಿಗರೇ. ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಬಿಯಾಲಿಸ್ಟಾಕ್‌ನಲ್ಲಿ 1862ರಲ್ಲಿ ಹುಟ್ಟಿದ ಯಹೂದಿ. ಇಪ್ಪತ್ತರ ಹರೆಯದಲ್ಲಿ ಕೈಯಲ್ಲಿ ಕಾಸಿಲ್ಲದೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದರು. ಕೂಲಿ ಮಾಡಿದರು, ಸಾಮಾನು ಹೊತ್ತು ಮಾರಿದರು, ಶಾಲೆಯಲ್ಲಿ ಪಾಠ ಹೇಳಿದರು. ಹತ್ತಾರು ಭಾಷೆ ಬಲ್ಲವರು. ಆ ಬಲದಿಂದಲೇ ಮಿಸೌರಿ ವಿಶ್ವವಿದ್ಯಾಲಯಕ್ಕೆ, ಅಲ್ಲಿ ಕೆಲಸ ಹೋದಾಗ ಹಾರ್ವರ್ಡ್‌ಗೆ ಬಂದು ಸ್ಲಾವಿಕ್ ಭಾಷೆಗಳ ಅಧ್ಯಾಪಕರಾದರು. ಟಾಲ್‌ಸ್ಟಾಯ್ ಕೃತಿಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದವರು ಅವರು. ಹೊಲ ಮನೆ ಇಲ್ಲದ, ಹಿಂದೆ ನಿಲ್ಲುವ ಬಂಧುಬಳಗವಿಲ್ಲದ ಮನುಷ್ಯನಿಗೆ ವಿದ್ಯೆಯೊಂದೇ ಆಸ್ತಿ. ಅದನ್ನು ಮಗನ ಹೆಸರಿಗೆ ಬೇಗ ಬರೆದುಬಿಡಬೇಕು ಎಂಬ ಆತುರ ಇದ್ದಿದ್ದರೆ ಅದು ನಮಗೆ ಅರ್ಥವಾಗದ ಸಂಗತಿಯೇನಲ್ಲ.

ಲಿಯೋ ಮನೆಯಲ್ಲೇ ಪಾಠ ಹೇಳಿದರು. ತಮ್ಮ ಬರವಣಿಗೆಯ ಮೇಜಿನ ಪಕ್ಕ ಮಗನನ್ನು ನಿಲ್ಲಿಸಿಕೊಂಡು ಬೀಜಗಣಿತ ಒಪ್ಪಿಸಿಕೊಳ್ಳುತ್ತಿದ್ದರು. ಪಾಠ ಮೃದುವಾಗಿಯೇ ಶುರುವಾಗುತ್ತಿತ್ತು. ಮೊದಲ ತಪ್ಪು ಬಂದ ಕೂಡಲೇ ದನಿ ಏರುತ್ತಿತ್ತು, ಬೈಗುಳ ಬರುತ್ತಿತ್ತು. ಹುಡುಗ ಅಳುತ್ತಿದ್ದ, ತಾಯಿ ಬರ್ತಾ ಬಂದು ಬಿಡಿಸುತ್ತಿದ್ದರು. ಮಗ ಮಾಡಿದ ಪೆದ್ದು ತಪ್ಪುಗಳನ್ನು ಊಟದ ಹೊತ್ತಿನಲ್ಲಿ ಬಂದವರ ಎದುರು ಹೇಳುವ ಅಭ್ಯಾಸವೂ ಲಿಯೋಗೆ ಇತ್ತು. ಎಂಟನೇ ವಯಸ್ಸಿಗೆ ಹುಡುಗನ ಕಣ್ಣು ತುಂಬಾ ಕೆಟ್ಟಿತು. ಆರು ತಿಂಗಳು ಪುಸ್ತಕ ಮುಟ್ಟಬಾರದು ಎಂದು ವೈದ್ಯರು ಹೇಳಿದರು. ಪಾಠ ಆಗಲೂ ನಿಲ್ಲಲಿಲ್ಲ, ಕಿವಿಯಿಂದ ನಡೆಯಿತು. ಹಾಳೆ ಪೆನ್ಸಿಲ್ ಇಲ್ಲದೆ ತಲೆಯಲ್ಲೇ ಗಣಿತ ಮಾಡುವುದು ಅವನಿಗೆ ಅಭ್ಯಾಸವಾದದ್ದು ಆ ಆರು ತಿಂಗಳಲ್ಲಿ. ಮುಂದೆ ಅದು ಬದುಕಿಡೀ ಕೆಲಸಕ್ಕೆ ಬಂತು.

ಇಲ್ಲಿ ಲಿಯೋ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಬೆರಳು ಎಣಿಸುವ ಮಗು ಗಣಿತಕ್ಕೆ ಲಾಯಕ್ಕಿಲ್ಲ ಎಂದು ತೀರ್ಮಾನಿಸದೆ, ಅದರ ಬುದ್ಧಿಗೆ ತಕ್ಕ ಆಹಾರ ಬೇರೆ ಎಂದು ಗುರುತಿಸಿದರಲ್ಲ, ಆ ಗುರುತು ಸರಿಯಾಗಿತ್ತು. ಮಗ್ಗಿ ಕಲಿತ ಮೇಲೆಯೇ ಸಮೀಕರಣ ಎಂದು ಕಾದಿದ್ದರೆ ಆ ಹುಡುಗನಿಗೆ ಲೆಕ್ಕವೇ ಬೇಡವಾಗುತ್ತಿತ್ತೋ ಏನೋ. ಮುಂದಿನ ಪಾಠಕ್ಕೆ ಹೋಗಲು ನ್ಯಾಯವಾದ ಕಾರಣ ಇದೇ: ಮಗುವಿನ ತಿಳಿವಳಿಕೆ ಆಗಲೇ ಅಲ್ಲಿಗೆ ಹೋಗಿ ನಿಂತಿರುವುದು.

1903ರಲ್ಲಿ ಮನೆಯವರು ಮ್ಯಾಸಚುಸೆಟ್ಸ್‌ನ ಹಳ್ಳಿಯೊಂದರಲ್ಲಿ ತೋಟದ ಮನೆಗೆ ಬಂದರು. ಒಂಬತ್ತು ವರ್ಷದ ನಾರ್ಬರ್ಟ್ ಹತ್ತಿರದ ಏಯರ್ ಎಂಬ ಸಣ್ಣ ಊರಿನ ಹೈಸ್ಕೂಲು ಸೇರಿದ. ಸಹಪಾಠಿಗಳು ಅವನಿಗಿಂತ ಏಳು ವರ್ಷದಷ್ಟು ದೊಡ್ಡವರು. ಪಾಠದಲ್ಲಿ ಅವರಿಗೆ ಸಮ, ಆಟಕ್ಕೆ ಮಾತ್ರ ಊರಿನ ಸಣ್ಣ ಮಕ್ಕಳ ಜೊತೆ. ಆದರೂ ಈ ಮೂರು ವರ್ಷ ಅವನ ಪಾಲಿಗೆ ಒಳ್ಳೆಯವಾದವು. ಆ ಊರು ಅವನನ್ನು ಪ್ರದರ್ಶನಕ್ಕೆ ಇಡಲಿಲ್ಲ. ಶಾಲೆಯವರು ಅವನನ್ನು ಮಗುವಿನಂತೆಯೇ ನೋಡಿಕೊಂಡರು. ಜ್ಞಾನ ಎಂದೂ ಪೂರ್ತಿಯಾಗಲಾರದು ಎಂದು ವಾದಿಸುವ ಲೇಖನವೊಂದನ್ನು ಅವನು ಅಲ್ಲಿದ್ದಾಗಲೇ ಬರೆದ. ಅದಕ್ಕೆ ಅಜ್ಞಾನದ ಸಿದ್ಧಾಂತ ಎಂದು ಹೆಸರಿಟ್ಟ. ದೊಡ್ಡವನಾದ ಮೇಲೂ ಏಯರ್ ಊರನ್ನು ಪ್ರೀತಿಯಿಂದ ನೆನೆಯುತ್ತಿದ್ದ.

1906ರಲ್ಲಿ ಹೈಸ್ಕೂಲು ಮುಗಿದಾಗ ಹಾರ್ವರ್ಡ್‌ಗೆ ಹಾಕಿದರೆ ಪತ್ರಿಕೆಯವರ ಕಣ್ಣು ಬೀಳುತ್ತದೆ ಎಂದು ಲಿಯೋ ಮಗನನ್ನು ಸಮೀಪದ ಟಫ್ಟ್ಸ್ ಕಾಲೇಜಿಗೆ ಸೇರಿಸಿದರು. ಅದೂ ವಿವೇಕದ ನಿರ್ಧಾರವೇ. ಅಲ್ಲಿ ಮೊದಲ ಸಲ ಗಣಿತ ಅವನ ಕೈ ಮೀರಿತು. ಸಮೀಕರಣಗಳ ಸಿದ್ಧಾಂತದ ತರಗತಿಯಲ್ಲಿ ಗಾಲ್ವಾ ಸಿದ್ಧಾಂತದ ಭಾಗ ತಲೆಗೆ ಹತ್ತಲಿಲ್ಲ. ಪ್ರಾಧ್ಯಾಪಕರು ಕೈಹಿಡಿದು ನಡೆಸಿದ್ದರಿಂದ ದಾಟಿದ. ಪಾಸಾಗುವುದು ಬೇರೆ, ಅರಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1909ರಲ್ಲಿ 14ನೇ ವಯಸ್ಸಿಗೆ ಪದವಿ ಬಂತು. ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸಿಗುವ ಫೈ ಬೀಟಾ ಕಪ್ಪಾ ಸದಸ್ಯತ್ವ ಸಿಗಲಿಲ್ಲ. ಇಷ್ಟು ಬೇಗ ಅರಳಿದ ಮಗು ಮುಂದೆ ಬೆಳೆದೀತೇ ಎಂಬ ಅನುಮಾನವೇ ಅದಕ್ಕೆ ಕಾರಣ ಎಂದು ಅವನಿಗೆ ತಿಳಿದುಬಂತು. ಊರೆಲ್ಲ ಬೆರಗಿನಿಂದ ನೋಡುತ್ತಿದ್ದ ಹುಡುಗನಿಗೆ ಆ ಬೆರಗಿನ ಒಳಗೇ ಸಂಶಯವೂ ಇದೆ ಎಂದು ಗೊತ್ತಾದದ್ದು ಆಗ. ದಣಿವು, ಖಿನ್ನತೆ, ಸಾವಿನ ಭಯ ಒಟ್ಟಿಗೆ ಮುತ್ತಿದವು.

ಆ ಶರತ್ಕಾಲದಲ್ಲಿ ಹಾರ್ವರ್ಡ್‌ಗೆ ಹೋದಾಗ ಅಲ್ಲಿ ಅವನಂಥ ಇನ್ನೂ ಕೆಲವು ಮಕ್ಕಳಿದ್ದರು. ಹನ್ನೊಂದು ವರ್ಷದ ವಿಲಿಯಂ ಜೇಮ್ಸ್ ಸೈಡಿಸ್ ಅವರಲ್ಲಿ ಒಬ್ಬ. 1910ರ ಜನವರಿಯಲ್ಲಿ ಸೈಡಿಸ್ ಗಣಿತ ಕೂಟದ ಮುಂದೆ ನಾಲ್ಕು ಆಯಾಮದ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟು ಪತ್ರಿಕೆಗಳ ಮುಖಪುಟಕ್ಕೆ ಬಂದ. ಪತ್ರಿಕೆಗಳು ಅವನನ್ನು ಮತ್ತೆ ಬಿಡಲಿಲ್ಲ. ದೊಡ್ಡವನಾದ ಮೇಲೆ ಅವನು ಗಣಿತದಿಂದಲೇ ದೂರ ಸರಿದು, ಸಣ್ಣಪುಟ್ಟ ಗುಮಾಸ್ತೆ ಕೆಲಸಗಳಲ್ಲಿ ಅಡಗಿಕೊಂಡು, 1944ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ. ಅದೇ ಗುಂಪಿನ ಅಡಾಲ್ಫ್ ಬರ್ಲಿ ಹೆಸರಾಂತ ವಕೀಲನಾಗಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಲಹೆಗಾರನಾದ. ರೋಜರ್ ಸೆಷನ್ಸ್ ಸಂಗೀತ ರಚನಕಾರನಾದ. ಮಕ್ಕಳು ಒಂದೇ ವೇಗದಲ್ಲಿ ಹೊರಟರೂ ತಲುಪಿದ ಊರು ಬೇರೆ ಬೇರೆ. ಹಾಗಾಗಿ ಬೇಗ ಕಲಿಸಿದರೆ ಮಗು ಕೆಟ್ಟೇಹೋಗುತ್ತದೆ ಎಂದು ಹೇಳುವುದೂ ಸುಳ್ಳು.

ನಾರ್ಬರ್ಟ್ ಹಾರ್ವರ್ಡ್‌ನಲ್ಲಿ ಮೊದಲು ಆರಿಸಿಕೊಂಡದ್ದು ಪ್ರಾಣಿಶಾಸ್ತ್ರ. ಕಣ್ಣು ಮಂಜು, ಕೈ ಒರಟು, ಪ್ರಯೋಗಶಾಲೆಯಲ್ಲಿ ಸೋತ. ತಂದೆ ಅವನನ್ನು ತತ್ವಶಾಸ್ತ್ರಕ್ಕೆಂದು ಕಾರ್ನೆಲ್‌ಗೆ ಕಳಿಸಿದರು. ಅಲ್ಲಿ ಒಂದು ವರ್ಷದ ನಂತರ ವಿದ್ಯಾರ್ಥಿವೇತನ ಮುಂದುವರಿಯಲಿಲ್ಲ, ಮತ್ತೆ ಹಾರ್ವರ್ಡ್‌ಗೆ ಕರೆತಂದರು. ಯಾವ ತಿರುವಿನಲ್ಲೂ ಹುಡುಗನ ಮಾತು ಹೆಚ್ಚು ನಡೆಯಲಿಲ್ಲ. ಇದರ ನಡುವೆ 1911ರಲ್ಲಿ ಒಂದು ಪತ್ರಿಕೆಯಲ್ಲಿ ಲೇಖನ ಬಂತು. ತನ್ನ ಮಕ್ಕಳು ಸಾಧಾರಣ ಮಕ್ಕಳೇ, ಅವರು ಮುಂದೆ ಬಂದಿರುವುದು ತಾನು ಕೊಟ್ಟ ತರಬೇತಿಯಿಂದ ಎಂದು ಲಿಯೋ ಅದರಲ್ಲಿ ವಾದಿಸಿದ್ದರು. ಹದಿನಾರರ ನಾರ್ಬರ್ಟ್ ಅದನ್ನು ಓದಿದ. ಗೆದ್ದರೆ ಅದು ಅಪ್ಪನ ಗೆಲುವು, ಸೋತರೆ ಅದು ತನ್ನದೇ ಸೋಲು ಎಂಬ ಅರ್ಥ ಅವನಿಗೆ ಬಂತು. ಆ ಗಾಯ ಮಾಯಲು ದಶಕಗಳೇ ಹಿಡಿದವು. ಅದೇ ತರಬೇತಿಯನ್ನು ಲಿಯೋ ಕಿರಿಯ ಮಗನ ಮೇಲೂ ಪ್ರಯೋಗಿಸಿದರು, ಅಲ್ಲಿ ಅಂಥ ಫಲ ಬರಲಿಲ್ಲ.

1913ರಲ್ಲಿ ಗಣಿತೀಯ ತರ್ಕದ ಬಗ್ಗೆ ಪ್ರಬಂಧ ಬರೆದು ಪಿಎಚ್.ಡಿ. ಪಡೆದಾಗ ನಾರ್ಬರ್ಟ್‌ಗೆ 18. ಇಲ್ಲಿಂದ ಮುಂದೆ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ ಆರು ವರ್ಷಗಳು. ಓರಗೆಯವರಿಗಿಂತ ಏಳೆಂಟು ವರ್ಷ ಮುಂದಿದ್ದ ಯುವಕ ಆ ಮುನ್ನಡೆಯನ್ನು ಏನು ಮಾಡಿದ?

ಮೊದಲು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದ. ಅಲ್ಲಿ ಬರ್ಟ್ರಂಡ್ ರಸೆಲ್, ತರ್ಕ ಮಾಡುವವನಿಗೂ ನಿಜವಾದ ಗಣಿತ ಬೇಕು ಎಂದು ಹೇಳಿ ಹೆಚ್ಚು ಗಣಿತ ಕಲಿಯುವಂತೆ ಸೂಚಿಸಿದರು, ಐನ್‌ಸ್ಟೈನ್ 1905ರಲ್ಲಿ ಬರೆದ ಲೇಖನಗಳ ಕಡೆ ಕೈತೋರಿಸಿದರು. ಪಿಎಚ್.ಡಿ. ಮುಗಿಸಿದವನು ಮತ್ತೆ ವಿದ್ಯಾರ್ಥಿಯಾಗಿ ಜಿ.ಎಚ್. ಹಾರ್ಡಿ ಅವರ ತರಗತಿಯಲ್ಲಿ ಕೂತ. ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಅದೇ ಹಾರ್ಡಿ. ಬಳಿಕ ಯುದ್ಧ ಬಂತು. ಅಮೆರಿಕಕ್ಕೆ ಮರಳಿ ಮೇಯ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ, ಹೊಂದಲಿಲ್ಲ. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದ. ವಿಶ್ವಕೋಶಕ್ಕೆ ಲೇಖನ ಬರೆಯುವ ಕೆಲಸ ಹಿಡಿದ. ಅಬರ್ಡೀನ್‌ನಲ್ಲಿ ಸೇನೆಗಾಗಿ ಫಿರಂಗಿ ಗುಂಡಿನ ಪಥದ ಕೋಷ್ಟಕ ಲೆಕ್ಕಹಾಕಿದ. ಬಾಸ್ಟನ್‌ನ ಪತ್ರಿಕೆಯೊಂದರಲ್ಲಿ ಸ್ವಲ್ಪ ಕಾಲ ವರದಿಗಾರನೂ ಆದ. 1919ರಲ್ಲಿ ಎಂಐಟಿಯ ಗಣಿತ ವಿಭಾಗದಲ್ಲಿ ಕೆಳಹಂತದ ಅಧ್ಯಾಪಕನಾಗಿ ಸೇರಿದಾಗ 25ರ ಹೊಸ್ತಿಲು. ಅಂದಿನ ಎಂಐಟಿಯಲ್ಲಿ ಗಣಿತ ವಿಭಾಗದ ಮುಖ್ಯ ಕೆಲಸ ಎಂಜಿನಿಯರಿಂಗ್ ಹುಡುಗರಿಗೆ ಕ್ಯಾಲ್ಕುಲಸ್ ಹೇಳಿಕೊಡುವುದು.

ಗಣಿತ ಅವನೊಳಗೆ ನಿಜವಾಗಿ ಬೇರು ಬಿಟ್ಟದ್ದೂ ಅದೇ ವರ್ಷ. ಅದು ಬಂದ ದಾರಿಯಲ್ಲಿ ಒಂದು ಸಾವಿದೆ. ತಂಗಿ ಕಾನ್‌ಸ್ಟನ್ಸ್ ಮದುವೆಯಾಗಬೇಕಿದ್ದ ಹಾರ್ವರ್ಡ್‌ನ ತರುಣ ಗಣಿತಜ್ಞ ಗೇಬ್ರಿಯಲ್ ಗ್ರೀನ್ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ತೀರಿಕೊಂಡರು. ಅವರ ಗಣಿತದ ಪುಸ್ತಕಗಳು ನಾರ್ಬರ್ಟ್ ಕೈಗೆ ಬಂದವು. ವೋಲ್ಟೆರಾ, ಆಸ್‌ಗುಡ್, ಲೆಬೆಗ್. ಯಾರೂ ಒಪ್ಪಿಸಿಕೊಳ್ಳಲು ನಿಂತಿಲ್ಲ, ಪರೀಕ್ಷೆ ಇಲ್ಲ, ವಯಸ್ಸಿನ ಲೆಕ್ಕ ಇಡುವವರಿಲ್ಲ. ಆಧುನಿಕ ಗಣಿತವನ್ನು ಅವನು ಮೊದಲ ಬಾರಿಗೆ ಪೂರ್ತಿ ಅರ್ಥಮಾಡಿಕೊಂಡು ಓದಿದ್ದು ಆಗ. ಕೆಲವೇ ವರ್ಷಗಳಲ್ಲಿ ನೀರಿನಲ್ಲಿ ತೇಲುವ ಕಣದ ಗೊತ್ತುಗುರಿಯಿಲ್ಲದ ಓಡಾಟಕ್ಕೆ, ಅಂದರೆ ಬ್ರೌನಿಯನ್ ಚಲನೆಗೆ, ಗಟ್ಟಿಯಾದ ಗಣಿತದ ತಳಪಾಯ ಹಾಕಿದರು ವೀನರ್. 1923ರಲ್ಲಿ ಬಂದ ಆ ಕೆಲಸ ಇಂದಿಗೂ ಅವರ ಹೆಸರಿನಲ್ಲೇ ಇದೆ. ಆಗ ಅವರಿಗೆ 28. ಶಾಲೆಯಲ್ಲಿ ಒಂದು ತರಗತಿಯನ್ನೂ ಹಾರದೆ ಓದಿದ ಒಳ್ಳೆಯ ಗಣಿತಜ್ಞ ತನ್ನ ಮೊದಲ ದೊಡ್ಡ ಕೆಲಸ ಮಾಡುವುದೂ ಸುಮಾರು ಆ ವಯಸ್ಸಿಗೇ. ಬಾಲ್ಯದಲ್ಲಿ ಉಳಿಸಿದ ಏಳು ವರ್ಷವನ್ನು ಬದುಕು ಅಲೆದಾಟದ ರೂಪದಲ್ಲಿ ವಾಪಸು ವಸೂಲು ಮಾಡಿತ್ತು.

ಇದೇ ಕಾಲದ ಇನ್ನೊಬ್ಬ ಅಸಾಮಾನ್ಯ ಹುಡುಗನ ಕಥೆಯನ್ನು ಪಕ್ಕದಲ್ಲಿಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಜಾನ್ ವಾನ್ ನಾಯ್ಮನ್ 1903ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. ಶಾಲೆಯ ಗಣಿತ ಮೇಷ್ಟ್ರು ಲಾಸ್ಲೊ ರಾಟ್ಸ್ ಹುಡುಗನ ಶಕ್ತಿಯನ್ನು ಬೇಗ ಗುರುತಿಸಿದರು. ಆದರೆ ತಂದೆ ಮಗನನ್ನು ಮೇಲಿನ ತರಗತಿಗೆ ಹಾರಿಸಲು ಒಪ್ಪಲಿಲ್ಲ. ಓರಗೆಯವರ ಜೊತೆಗೇ ಅದೇ ಶಾಲೆಯಲ್ಲಿ ಇರಿಸಿ, ವಿಶ್ವವಿದ್ಯಾಲಯದ ಗಣಿತಜ್ಞರಿಂದ ಬೇರೆಯಾಗಿ ಪಾಠ ಹೇಳಿಸಿದರು. ಪದವಿಯ ಓಟದಲ್ಲಿ ಅವರು ವೀನರ್‌ಗಿಂತ ಹಿಂದೆ, ಪಿಎಚ್.ಡಿ. ಬಂದದ್ದು 22ಕ್ಕೆ. ಗಣಿತದಲ್ಲಿ ಹಿಂದೆ ಬಿದ್ದರು ಎಂದು ಯಾರೂ ಹೇಳಲಾರರು. ಒಬ್ಬೊಬ್ಬರ ಬದುಕಿನಿಂದ ನಿಯಮ ಹೊಸೆಯಲಾಗದು, ನಿಜ. ಆದರೂ ತರಗತಿ ಹಾರುವುದು ಮತ್ತು ಆಳಕ್ಕೆ ಇಳಿಯುವುದು ಎರಡು ಬೇರೆ ಕೆಲಸಗಳು, ಎರಡನೆಯದಕ್ಕೆ ಮೊದಲನೆಯದು ಬೇಕೇಬೇಕು ಎಂದೇನಿಲ್ಲ ಎಂಬುದಷ್ಟು ಇದರಿಂದ ತಿಳಿಯುತ್ತದೆ.

ವೀನರ್ ಕೊನೆಯವರೆಗೂ ಎಂಐಟಿಯಲ್ಲೇ ಉಳಿದರು. 1926ರಲ್ಲಿ ಮಾರ್ಗರೆಟ್ ಎಂಗೆಮನ್ ಅವರನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳು. ಎರಡನೇ ಮಹಾಯುದ್ಧದಲ್ಲಿ ಹಾರುವ ವಿಮಾನ ಮುಂದಿನ ಕ್ಷಣ ಎಲ್ಲಿರುತ್ತದೆ ಎಂದು ಊಹಿಸುವ ಗಣಿತಕ್ಕೆ ಕೈಹಾಕಿದ್ದರಿಂದ ನಾನು ಹೇಳಿದ ಆ ಫಿಲ್ಟರ್ ಹುಟ್ಟಿತು. 1948ರಲ್ಲಿ ಸೈಬರ್ನೆಟಿಕ್ಸ್ ಪುಸ್ತಕ ಬಂದು ಜಗತ್ತಿಗೆಲ್ಲ ಹೆಸರಾದರು. ಖಿನ್ನತೆ ಮಾತ್ರ ಬಾಲ್ಯದಿಂದ ಜೊತೆಗೇ ಬಂತು. ಇಷ್ಟೆಲ್ಲ ಸಾಧಿಸಿದ ಮೇಲೂ ತಮ್ಮ ಕೆಲಸ ಚೆನ್ನಾಗಿದೆಯೇ ಎಂದು ಸಹೋದ್ಯೋಗಿಗಳನ್ನು ಕೇಳಿ ಕೇಳಿ ಸಮಾಧಾನ ಪಡೆಯುತ್ತಿದ್ದರಂತೆ. ತಂದೆಯ ಮೇಜಿನ ಪಕ್ಕ ಒಪ್ಪಿಸಲು ನಿಂತ ಹುಡುಗ ಅವರೊಳಗಿಂದ ಹೊರಟುಹೋಗಿರಲಿಲ್ಲ ಎಂದು ನನಗನಿಸುತ್ತದೆ.

1955-56ರಲ್ಲಿ ಅವರು ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದು ತಿಂಗಳುಗಟ್ಟಲೆ ಇದ್ದರು. ಅಲ್ಲಿ ಅವರೊಂದಿಗೆ ಕೆಲಸ ಮಾಡಿದವರಲ್ಲಿ ಗೋಪಿನಾಥ್ ಕಲ್ಯಾಣಪುರ ಒಬ್ಬರು. ಉಡುಪಿ ಪಕ್ಕದ ಕಲ್ಯಾಣಪುರವನ್ನು ಹೆಸರಿನಲ್ಲೇ ಹೊತ್ತವರು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಅವರಿಗೆ ಪಿಎಚ್.ಡಿ. ಬಂದದ್ದು 26ಕ್ಕೆ. ಮುಂಬಯಿಯ ಪೆಸಿ ಮಸಾನಿ ಅವರ ಜೊತೆ ಸೇರಿ ವೀನರ್ ಬರೆದ ದೊಡ್ಡ ಲೇಖನಗಳು 1957 ಮತ್ತು 58ರಲ್ಲಿ ಬಂದವು. 18ಕ್ಕೆ ಡಾಕ್ಟರೇಟ್ ಪಡೆದವರೂ 26ಕ್ಕೆ ಪಡೆದವರೂ ಒಂದೇ ಕರಿಹಲಗೆಯ ಮುಂದೆ ನಿಂತಿದ್ದರು. ಅಲ್ಲಿ ಯಾರು ಯಾವ ವಯಸ್ಸಿಗೆ ಯಾವ ಪುಸ್ತಕ ಮುಗಿಸಿದ್ದರು ಎಂಬುದು ಲೆಕ್ಕಕ್ಕೆ ಬರುವ ಸಂಗತಿಯಾಗಿರಲಿಲ್ಲ.

1953ರಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ, ವೀನರ್ ತಮ್ಮ ಬಾಲ್ಯದ ಕಥೆಯನ್ನು ಪುಸ್ತಕವಾಗಿ ಬರೆದರು. ಅಪ್ಪನನ್ನು ಅದರಲ್ಲಿ ರಾಕ್ಷಸನನ್ನಾಗಿ ಮಾಡಿಲ್ಲ. ಅವರ ಪಾಂಡಿತ್ಯ, ಅವರಿಂದ ಬಂದ ಶಿಸ್ತು, ಬೇಸಿಗೆಯಲ್ಲಿ ಅವರ ಜೊತೆ ಮಾಡಿದ ನಡಿಗೆಗಳು ಎಲ್ಲಕ್ಕೂ ಋಣ ಒಪ್ಪಿಕೊಂಡಿದ್ದಾರೆ. ಅದಕ್ಕೂ ಮೂರು ವರ್ಷ ಮೊದಲು ಬಂದ ಇನ್ನೊಂದು ಪುಸ್ತಕವನ್ನು ಅಪ್ಪನ ನೆನಪಿಗೇ ಅರ್ಪಿಸಿದ್ದರು. ಬೇಗ ಕಲಿತದ್ದರ ಬಗ್ಗೆ ಅವರಿಗೆ ಹೆಚ್ಚು ದೂರಿಲ್ಲ. ನೋವಿರುವುದು ಅದರ ಜೊತೆಗೆ ಬಂದ ಒಂಟಿತನದ ಬಗ್ಗೆ, ಬೈಗುಳದ ಬಗ್ಗೆ, ತನ್ನನ್ನು ಒಂದು ವಾದಕ್ಕೆ ಪುರಾವೆಯಾಗಿ ಬಳಸಿದ್ದರ ಬಗ್ಗೆ. 1964ರ ಮಾರ್ಚ್ 18ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅವರು ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಕೈಗೆ ಬಂದು ಎರಡು ತಿಂಗಳಷ್ಟೇ ಆಗಿತ್ತು.

ಇಷ್ಟು ಓದಿದ ಮೇಲೆ ಎಂಟನೇ ತರಗತಿಯ ಬ್ಯಾಚು ಬೇಡ ಎಂದು ನಾವು ಗಂಡ ಹೆಂಡತಿ ತೀರ್ಮಾನಿಸಿದೆವು. ಮಗಳ ಲೆಕ್ಕಕ್ಕೆ ಬೇಲಿ ಹಾಕುವ ಉದ್ದೇಶ ಇಲ್ಲ. ಭಿನ್ನರಾಶಿಯನ್ನು ಯಾಕೆ ತಲೆಕೆಳಗು ಮಾಡಿ ಗುಣಿಸುತ್ತೇವೆ ಎಂದು ಈಚೆಗೆ ಅವಳೇ ಕೇಳಿದಳು. ಆ ಪ್ರಶ್ನೆಯ ಬೆನ್ನು ಹಿಡಿದರೆ ಬೀಜಗಣಿತದ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ. ಆಗ ಒಳಗೆ ಹೋಗೋಣ, ಅದು ಐದನೇ ಕ್ಲಾಸಿನಲ್ಲೇ ಆದರೂ ಸರಿ. ಆದರೆ ಅವಳ ಗೆಳತಿಯರಿರುವ ತರಗತಿಯಲ್ಲಿ ಅವಳೂ ಇರಲಿ. ಅವಳು ಎಷ್ಟು ವರ್ಷ ಮುಂದಿದ್ದಾಳೆ ಎಂಬುದು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೂ ಊರಿನ ನೆಂಟರಿಗೂ ಸುದ್ದಿಯಾಗದಿರಲಿ. ಬೇರೆ ಊರಿಗೆ ವರ್ಗವಾದರೆ, ಬೋರ್ಡು ಬದಲಾದರೆ, ಆರು ತಿಂಗಳು ತಡವರಿಸಿ ಹೊಂದಿಕೊಳ್ಳುತ್ತಾಳೆ. ನಾವೆಲ್ಲ ಹಾಗೇ ಅಲ್ಲವೇ ಭಾಷೆ ಬರದ ಊರುಗಳಲ್ಲಿ ನೆಲೆ ನಿಂತದ್ದು?

ಊರು ಬಿಟ್ಟು ಬಂದವರ ಮನೆಗಳಲ್ಲಿ ಮಕ್ಕಳ ಮೇಲೆ ಒಂದು ಭಾರ ಸದ್ದಿಲ್ಲದೆ ಬೀಳುತ್ತದೆ. ನಾವು ಬಿಟ್ಟು ಬಂದದ್ದು ಸಾರ್ಥಕ ಎಂದು ತೋರಿಸಿಕೊಡುವ ಭಾರ. ಬಿಯಾಲಿಸ್ಟಾಕ್‌ನಿಂದ ಬಂದ ಲಿಯೋ ಮಗನ ತಲೆಯ ಮೇಲೆ ಹೊರಿಸಿದ್ದೂ ಅದನ್ನೇ ಇರಬೇಕು. ಮಕ್ಕಳನ್ನು ಮುಂದಿನ ಪಾಠಕ್ಕೆ ಕಳಿಸುವ ಮುನ್ನ ಕೇಳಿಕೊಳ್ಳಬೇಕಾದ್ದು ಒಂದೇ: ಆ ಪಾಠಕ್ಕೆ ಹಸಿದಿರುವುದು ಮಗುವೋ, ನಾವೋ? ಮಗುವಾದರೆ ತಡೆಯುವುದು ತಪ್ಪು. ನಾವಾದರೆ, ಆ ಎಂಟನೇ ತರಗತಿಯ ಪುಸ್ತಕವನ್ನು ಕೊಂಡು ತಂದು ನಾವೇ ಓದಬಹುದು. ಅದಕ್ಕೆ ವಯಸ್ಸಿನ ಮಿತಿ ಇಲ್ಲ.